ಉರಿಯುವ ಕೆನ್ನೆಗೆ ಯಾವ ಶೇವಿಂಗ್ ಬ್ರಷ್? ಆರಿಸುವವರಿಗೊಂದು ಮಾರ್ಗದರ್ಶಿ

‘ಬ್ಲೇಡು ತಾಗುವುದಕ್ಕೆ ಮೊದಲೇ, ನೊರೆ ಹಚ್ಚುವಾಗಲೇ ಕೆನ್ನೆ ಚುಚ್ಚುತ್ತದೆ. ಮೆತ್ತನೆಯ ಬ್ರಷ್ ಯಾವುದು ಹೇಳಿ’ ಎಂದು ಓದುಗರು ಕೇಳುತ್ತಲೇ ಇದ್ದಾರೆ. ಕೆಲವರು ಬ್ರಷ್ಷಿನ ಸಹವಾಸವೇ ಬೇಡವೆಂದು ಡಬ್ಬಿಯ ಫೋಮ್ ಹಿಡಿದಿದ್ದಾರೆ, ಆದರೂ ಉರಿ ಹೋಗಿಲ್ಲ. ಇನ್ನು ಕೆಲವರು ದುಬಾರಿ ಬ್ರಷ್ ತರಿಸಿಕೊಂಡು, ಅದೂ ಚುಚ್ಚುತ್ತದೆಂದು ಮೂಲೆಗಿಟ್ಟಿದ್ದಾರೆ. ಬೆಲೆಗೂ ಮೆತ್ತನೆಗೂ ನಾವು ಅಂದುಕೊಂಡಷ್ಟು ನಂಟಿಲ್ಲ. ಯಾವ ಎಳೆ, ಎಷ್ಟು ಉದ್ದ, ಎಷ್ಟು ದಪ್ಪ ಎಂಬುದನ್ನು ತಿಳಿದುಕೊಂಡರೆ ಸಾಧಾರಣ ಬೆಲೆಯಲ್ಲೇ ಒಳ್ಳೆಯ ಬ್ರಷ್ ಸಿಗುತ್ತದೆ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ. ತುದಿ ಸಪೂರವಾಗಿರುವ ಹೊಸ ಬಗೆಯ ಸಿಂಥೆಟಿಕ್ ಬ್ರಷ್ ತೆಗೆದುಕೊಳ್ಳಿ. ಎಳೆಗಳ ಗೊಂಚಲಿನ ಅಡ್ಡಳತೆ 24 ಮಿಲಿಮೀಟರ್ ಆಸುಪಾಸು, ಎಳೆಯ ಉದ್ದ 50 ಮಿಲಿಮೀಟರಿಗಿಂತ ಕಡಿಮೆ ಇರದಂತೆ ನೋಡಿ. ನೊರೆಯನ್ನು ಮುಖದ ಮೇಲೆ ಉಜ್ಜಿ ಬರಿಸಬೇಡಿ, ಬಟ್ಟಲಿನಲ್ಲಿ ಮಾಡಿಕೊಳ್ಳಿ. ಇದು ಏಕೆ, ಕೊಳ್ಳುವಾಗ ಎಲ್ಲಿ ಎಡವುತ್ತೇವೆ ಎಂಬುದು ಮುಂದಿದೆ.

ಹಂತ 1: ಉರಿ ಬ್ರಷ್ಷಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಹೊಸ ಬ್ರಷ್ಷಿಗೆ ದುಡ್ಡು ಹಾಕುವ ಮೊದಲು ಒಂದು ಬೆಳಿಗ್ಗೆ ಹೀಗೆ ಮಾಡಿ. ಮುಖ ತೊಳೆದು ಒಂದು ಕೆನ್ನೆಗೆ ಬೆರಳಿನಿಂದ, ಇನ್ನೊಂದಕ್ಕೆ ಈಗಿರುವ ಬ್ರಷ್ಷಿನಿಂದ ಒಂದೇ ಕ್ರೀಮ್ ಹಚ್ಚಿ. ಎರಡು ನಿಮಿಷ ಬಿಟ್ಟು, ರೇಜರ್ ಮುಟ್ಟದೆ ತೊಳೆದು ಕನ್ನಡಿ ನೋಡಿ.

ಎರಡೂ ಕೆನ್ನೆ ಉರಿದರೆ ಕ್ರೀಮ್ ನಿಮಗೆ ಒಗ್ಗುತ್ತಿಲ್ಲ. ಅದರಲ್ಲಿನ ಸುಗಂಧವೋ ತಂಪಿಗೆಂದು ಹಾಕಿದ ಮೆಂಥಾಲೋ ಕಾರಣವಿರಬಹುದು. ಸುಗಂಧವಿಲ್ಲದ ಕ್ರೀಮಿಗೆ ಬದಲಾಯಿಸಿ. ಬ್ರಷ್ ತಾಗಿದ ಕೆನ್ನೆ ಮಾತ್ರ ಕೆಂಪಗಾದರೆ ಈ ಲೇಖನ ನಿಮಗಾಗಿಯೇ ಇದೆ. ಎರಡೂ ಕಡೆ ಏನೂ ಆಗದೆ, ಕ್ಷೌರ ಮುಗಿದ ಮೇಲಷ್ಟೇ ಉರಿಯುವುದಾದರೆ ಬ್ಲೇಡಿನ ಕಡೆ ನೋಡಬೇಕು. ಐದರಿಂದ ಏಳು ಕ್ಷೌರಕ್ಕೊಮ್ಮೆ ಬ್ಲೇಡು ಬದಲಿಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ ಎಂಬುದು ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ಕ್ಷೌರವಾದ ಮೇಲೆ ಪಟಿಕ ಉಜ್ಜುವ ಅಭ್ಯಾಸವಿದ್ದರೆ ಕೆಲವು ದಿನ ಅದನ್ನೂ ನಿಲ್ಲಿಸಿ ನೋಡಿ.

ಕುತ್ತಿಗೆಯಲ್ಲಿ ಕ್ಷೌರವಾದ ಒಂದೆರಡು ದಿನದ ಮೇಲೆ ಏಳುವ ಗುಳ್ಳೆಗಳದು ಬೇರೆ ಕತೆ. ಸುರುಳಿ ಗಡ್ಡದವರಲ್ಲಿ ಕತ್ತರಿಸಿದ ಕೂದಲು ಬಾಗಿ ಮತ್ತೆ ಚರ್ಮದೊಳಕ್ಕೇ ಹೋಗುವುದರಿಂದ ಅವು ಬರುತ್ತವೆ. ಎಷ್ಟೇ ಮೆತ್ತನೆಯ ಬ್ರಷ್ ಕೊಂಡರೂ ಅವು ವಾಸಿಯಾಗುವುದಿಲ್ಲ. ಗಡ್ಡವನ್ನು ತೀರಾ ನುಣುಪಾಗಿ ತೆಗೆಯದೆ ತುಸು ಬಿಡುವುದು ಅದಕ್ಕೆ ಪರಿಹಾರ.

ಎಚ್ಚರಿಕೆ: ಕೀವಿನ ಗುಳ್ಳೆ, ಇಸುಬು, ಬಿರುಕು ಬಿಟ್ಟ ಚರ್ಮ ಇದ್ದಾಗ ಯಾವ ಬ್ರಷ್ಷನ್ನೂ ಬಳಸಬೇಡಿ. ಚರ್ಮರೋಗ ತಜ್ಞರಿಗೆ ತೋರಿಸಿ ವಾಸಿಯಾದ ಮೇಲೆ ಬ್ರಷ್ಷಿನ ಯೋಚನೆ ಮಾಡಿ.

ಹಂತ 2: ‘ಮೆತ್ತಗೆ’ ಎಂದರೆ ಏನೆಂದು ತಿಳಿದುಕೊಳ್ಳಿ

ಇಲ್ಲೇ ಹೆಚ್ಚಿನವರು ಎಡವುವುದು. ಬ್ರಷ್ಷಿನಲ್ಲಿ ಎರಡು ಗುಣಗಳಿವೆ, ಅಂಗಡಿಯವರು ಎರಡನ್ನೂ ‘ಸಾಫ್ಟ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಂದು, ಎಳೆಯ ತುದಿಯ ಮೃದುತನ. ಇನ್ನೊಂದು, ಇಡೀ ಗೊಂಚಲು ಒತ್ತಿದಾಗ ಎಷ್ಟು ಬಾಗುತ್ತದೆ, ಎಷ್ಟು ತಿರುಗಿ ಒತ್ತುತ್ತದೆ ಎಂಬ ಬಿಗಿ. ಇದನ್ನು ಬ್ರಷ್ ಬಲ್ಲವರು ‘ಬ್ಯಾಕ್‌ಬೋನ್’ ಎನ್ನುತ್ತಾರೆ.

ಮನೆಯ ಪೊರಕೆಗಳನ್ನೇ ನೋಡಿ. ತೆಂಗಿನ ಕಡ್ಡಿಯ ಪೊರಕೆಯ ತುದಿ ಕಾಲಿಗೆ ತಾಗಿದರೆ ಗೀರುತ್ತದೆ. ಹುಲ್ಲಿನ ಪೊರಕೆಯ ತುದಿ ತಾಗಿದ್ದು ಗೊತ್ತೇ ಆಗುವುದಿಲ್ಲ, ಆದರೂ ಅದರ ಬುಡದಲ್ಲಿ ಕಸ ತಳ್ಳುವಷ್ಟು ಬಿಗಿ ಇರುತ್ತದೆ. ನಿಮಗೆ ಬೇಕಾದದ್ದು ಈ ಎರಡನೆಯ ಬಗೆ.

ಚರ್ಮವನ್ನು ಚುಚ್ಚುವುದು ತುದಿ. ಹಾಗಾಗಿ ತುದಿಯ ವಿಷಯದಲ್ಲಿ ಯಾವ ರಾಜಿಯೂ ಬೇಡ. ಬಿಗಿ ಮಾತ್ರ ಸ್ವಲ್ಪ ಇರಲೇಬೇಕು. ಬಿಗಿಯೇ ಇಲ್ಲದ ಜೋಲು ಬ್ರಷ್ ಸೋಪಿನಿಂದ ನೊರೆ ಎತ್ತುವುದಿಲ್ಲ. ಎತ್ತಿಸಲೆಂದು ನಾವು ಹೆಚ್ಚು ಹೊತ್ತು, ಹೆಚ್ಚು ಒತ್ತಿ ಉಜ್ಜುತ್ತೇವೆ. ಮೆತ್ತಗಿದೆಯೆಂದು ಕೊಂಡ ಬ್ರಷ್ಷಿನಿಂದಲೇ ಕೆನ್ನೆ ಕೆಂಪಗಾಗುವುದು ಹೀಗೆ. ಬ್ರಷ್ಷಿನ ಮುಖ್ಯ ಕೆಲಸ ನೊರೆ ಬರಿಸಿ ಅದನ್ನು ಕೂದಲ ಬುಡಕ್ಕೆ ಮುಟ್ಟಿಸುವುದು. ಚರ್ಮ ಉಜ್ಜಿ ಸ್ವಚ್ಛಮಾಡುವ ಕೆಲಸವನ್ನು ಅದಕ್ಕೆ ಹೊರಿಸಬೇಡಿ.

ಹಂತ 3: ಎಳೆ ಯಾವುದೆಂದು ತೀರ್ಮಾನಿಸಿ

ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಎಳೆಗಳಿವೆ: ಸಿಂಥೆಟಿಕ್, ಬ್ಯಾಜರ್, ಹಂದಿ, ಕುದುರೆ.

ಸಿಂಥೆಟಿಕ್ ಎಂದ ಕೂಡಲೇ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿರುವ ಒರಟು ನೈಲಾನ್ ಬ್ರಷ್ ಕಣ್ಣ ಮುಂದೆ ಬರುತ್ತದೆ. ಆ ನೈಲಾನ್ ಎಳೆ ಬುಡದಿಂದ ತುದಿಯವರೆಗೆ ಒಂದೇ ದಪ್ಪ. ತುದಿಯನ್ನು ಕತ್ತರಿಸಿ ಸಮ ಮಾಡಿರುತ್ತಾರೆ. ಕತ್ತರಿಸಿದ ಆ ಅಂಚೇ ಚುಚ್ಚುವುದು. ಈಗ ಬರುತ್ತಿರುವ ಒಳ್ಳೆಯ ಸಿಂಥೆಟಿಕ್ ಎಳೆಗಳು ಬೇರೆ ಜಾತಿಯವು. ಹೆಚ್ಚಿನವನ್ನು ಪಿಬಿಟಿ ಎಂಬ ಒಂದು ಬಗೆಯ ಪಾಲಿಯೆಸ್ಟರಿನಿಂದ ಮಾಡುತ್ತಾರೆ. ಎಳೆ ಬಲು ಸಪೂರ, ತುದಿಗೆ ಹೋದಂತೆ ಇನ್ನೂ ಸಪೂರ. ಪ್ಲಿಸಾಫ್ಟ್, ಟಕ್ಸೀಡೊ, ಕ್ಯಾಶ್‌ಮಿಯರ್ ಎಂಬ ಹೆಸರುಗಳನ್ನು ನೋಡಿದರೆ ಅವು ಈ ಗುಂಪಿನವೆಂದು ತಿಳಿಯಿರಿ. ಚೀನಾದ ಯಾಕಿ ಕಂಪನಿ ಇಂಥ ಬ್ರಷ್‌ಗಳನ್ನು ಕೈಗೆಟುಕುವ ಬೆಲೆಗೆ ಮಾರುತ್ತದೆ. ಜರ್ಮನಿಯ ಮ್ಯೂಲೆ ತನ್ನ ಸಿಲ್ವರ್‌ಟಿಪ್ ಫೈಬರನ್ನೂ ಇಂಗ್ಲೆಂಡಿನಲ್ಲಿ ಹುಟ್ಟಿದ ಸಿಂಪ್ಸನ್ ತನ್ನ ಟ್ರಫಾಲ್ಗರ್ ಸರಣಿಯನ್ನೂ ಇದೇ ದಾರಿಯಲ್ಲಿ ರೂಪಿಸಿವೆ.

ಸೂಕ್ಷ್ಮ ಚರ್ಮದವರು ಮೊದಲು ಇದನ್ನೇ ಕೊಳ್ಳಲಿ ಎಂಬುದು ನನ್ನ ಗಟ್ಟಿಯಾದ ಸಲಹೆ. ನೆನೆಸಿಡುವ ಕೆಲಸವಿಲ್ಲ, ಮೊದಲ ದಿನವೇ ಮೆತ್ತಗಿರುತ್ತದೆ, ಪ್ರಾಣಿಯ ವಾಸನೆ ಇಲ್ಲ, ಬೇಗ ಒಣಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಈ ಕೊನೆಯ ಗುಣ ದೊಡ್ಡದು. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಸಿಂಥೆಟಿಕ್‌ನಲ್ಲೂ ಹಂದಿ ಕೂದಲಿನ ಬಿಗಿಯನ್ನು ಅನುಕರಿಸಿದ ಬ್ರಷ್‌ಗಳಿವೆ. ಇಟಲಿಯ ಒಮೆಗಾ ಕಂಪನಿಯ ಎಸ್-ಬ್ರಷ್ ಅಂಥದ್ದು. ಉಜ್ಜಿಸಿಕೊಳ್ಳುವುದು ಇಷ್ಟವಿರುವವರಿಗೆ ಅದು ಸರಿ, ಉರಿಯುವ ಕೆನ್ನೆಗೆ ಬೇಡ.

ಬ್ಯಾಜರ್ ಎಂಬುದು ಬಿಲ ತೋಡಿ ಬದುಕುವ ಪ್ರಾಣಿ. ನಮ್ಮ ಕಾಡುಗಳ ತರಕರಡಿ ಇದೇ ಬಳಗದ್ದಾದರೂ ಅದರ ಕೂದಲು ಬ್ರಷ್ಷಿಗೆ ಬಳಕೆಯಲ್ಲಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಬ್ರಷ್ಷಿನ ಕೂದಲು ಬರುವುದು ಹೆಚ್ಚಾಗಿ ಚೀನಾದಿಂದ. ಉತ್ತಮ ದರ್ಜೆಯ ಬ್ಯಾಜರ್ ತುದಿ ನಿಜಕ್ಕೂ ಮೃದು, ನೀರನ್ನೂ ಚೆನ್ನಾಗಿ ಹಿಡಿದಿಡುತ್ತದೆ. ತೊಡಕು ದರ್ಜೆಯ ಹೆಸರುಗಳಲ್ಲಿದೆ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಎಲ್ಲ ಕಂಪನಿಗಳಿಗೂ ಅನ್ವಯಿಸುವ ಒಂದೇ ಮಾನದಂಡ ಅದಕ್ಕಿಲ್ಲ. ಒಬ್ಬರ ಸೂಪರ್ ಇನ್ನೊಬ್ಬರ ಬೆಸ್ಟ್ ಆಗಿರಬಹುದು. ‘ಪ್ಯೂರ್’ ಎಂಬುದನ್ನು ಕಲಬೆರಕೆಯಿಲ್ಲದ ಶ್ರೇಷ್ಠ ಮಾಲು ಎಂದು ಓದಿಕೊಂಡು ಮೋಸಹೋಗುವವರು ಬಹಳ ಮಂದಿ. ಸಾಮಾನ್ಯವಾಗಿ ಅದು ಎಲ್ಲಕ್ಕಿಂತ ಕೆಳಗಿನ, ಒರಟು ದರ್ಜೆ. ದುಬಾರಿ ಬ್ರಷ್ ಚುಚ್ಚುತ್ತದೆ ಎಂದು ದೂರುವವರು ತಮ್ಮ ಪೆಟ್ಟಿಗೆಯನ್ನು ಒಮ್ಮೆ ತೆಗೆದು ನೋಡಲಿ, ಹೆಚ್ಚಾಗಿ ಅಲ್ಲಿ ಈ ಪದವೇ ಇರುತ್ತದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬ್ಯಾಜರ್ ಕೂದಲು ಪ್ರಾಣಿಯನ್ನು ಕೊಂದೇ ಸಿಗುವಂಥದ್ದು. ಚೀನಾದಲ್ಲಿ ಇದಕ್ಕಾಗಿ ಅವನ್ನು ಸಾಕುವ ಕೇಂದ್ರಗಳ ದಾರುಣ ಸ್ಥಿತಿಯನ್ನು ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೇಟಾ ಸಂಸ್ಥೆ 2018ರಲ್ಲಿ ವಿಡಿಯೊ ಸಹಿತ ಬಯಲಿಗಿಟ್ಟಿತು. ಅಷ್ಟೇ ಮೆತ್ತಗಿರುವ ಸಿಂಥೆಟಿಕ್ ಕಡಿಮೆ ಬೆಲೆಗೆ ಸಿಗುತ್ತಿರುವಾಗ ಬ್ಯಾಜರ್ ಕೊಳ್ಳಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಹಂದಿ ಕೂದಲಿನ ಬ್ರಷ್‌ಗಳು ಇಟಲಿಯ ಒಮೆಗಾ, ಪೋರ್ಚುಗಲ್‌ನ ಸೆಮೋಗ್ ಕಂಪನಿಗಳಿಂದ ಹೆಸರುವಾಸಿಯಾಗಿವೆ. ಹೊಸದರಲ್ಲಿ ಇವು ಒರಟು. ಬಳಸುತ್ತ ಹೋದಂತೆ ಪ್ರತಿ ಎಳೆಯ ತುದಿಯೂ ಸೀಳಿ ಕವಲೊಡೆದು, ವಾರಗಳ ಮೇಲೆ ಮೆತ್ತಗಾಗುತ್ತದೆ. ಕೂದಲು ನೀರನ್ನು ಒಳಗೇ ಹೀರಿಕೊಳ್ಳುವುದರಿಂದ ಪ್ರತಿ ಸಲವೂ ಬಳಸುವ ಮೊದಲು ನೆನೆಸಬೇಕು. ಆ ವಾರಗಳನ್ನು ನಿಮ್ಮ ಕೆನ್ನೆ ತಾಳಬೇಕಲ್ಲ! ಹಾಗಾಗಿ ಸೂಕ್ಷ್ಮ ಚರ್ಮಕ್ಕೆ ಇದು ಮೊದಲ ಬ್ರಷ್ ಆಗಬಾರದು. ಜೈನರು, ಮುಸ್ಲಿಮರು, ಪ್ರಾಣಿಜನ್ಯ ವಸ್ತು ಬಳಸದವರು ಇನ್ನೊಂದನ್ನು ಗಮನಿಸಬೇಕು: ಪೆಟ್ಟಿಗೆಯ ಮೇಲೆ ಬರೀ ‘ನ್ಯಾಚುರಲ್ ಬ್ರಿಸಲ್’ ಎಂದಿದ್ದರೆ ಅದು ಹಂದಿ ಕೂದಲೇ ಇರಬಹುದು. ಕೇಳಿ ಖಚಿತಪಡಿಸಿಕೊಳ್ಳಿ.

ಕುದುರೆ ಕೂದಲು ಹಂದಿಗೂ ಬ್ಯಾಜರಿಗೂ ನಡುವಿನದು. ಬಾಲ ಮತ್ತು ಕೇಸರದಿಂದ ಕತ್ತರಿಸಿ ತೆಗೆಯಬಹುದಾದ್ದರಿಂದ ಪ್ರಾಣಿಯನ್ನು ಕೊಲ್ಲಬೇಕಿಲ್ಲ. ತುದಿ ಹೊಸದರಲ್ಲಿ ತುಸು ಚುಚ್ಚುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಪುರಾತನ ಕುದುರೆ ಕೂದಲಿನ ಬ್ರಷ್ಷನ್ನು ಮಾತ್ರ ಮುಖಕ್ಕೆ ಹಚ್ಚಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧೀಕರಿಸದ ಇಂಥ ಬ್ರಷ್‌ಗಳಿಂದ ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರಿಗೂ ನಾಗರಿಕರಿಗೂ ಅಂಥ್ರಾಕ್ಸ್, ಅಂದರೆ ದನಕರುಗಳಿಗೆ ಬರುವ ನೆರಡಿ ರೋಗ, ತಗುಲಿತ್ತು.

ಹಂತ 4: ಅಳತೆಗಳನ್ನು ಓದಿ

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ‘ನಾಟ್’ ಎಂಬುದು ಎಳೆಗಳ ಗೊಂಚಲು ಹಿಡಿಯೊಳಗೆ ಸೇರುವಲ್ಲಿನ ಅಡ್ಡಳತೆ. ‘ಲಾಫ್ಟ್’ ಎಂಬುದು ಹಿಡಿಯ ಅಂಚಿನಿಂದ ಎಳೆಯ ತುದಿಯವರೆಗಿನ ಎತ್ತರ. ಒಂದೇ ಎಳೆಯಿಂದ ಮಾಡಿದರೂ ಈ ಎರಡು ಅಳತೆ ಬದಲಾದರೆ ಬ್ರಷ್ಷಿನ ಸ್ವಭಾವವೇ ಬದಲಾಗುತ್ತದೆ. ಗೊಂಚಲು ದಪ್ಪವಾಗಿ ಎಳೆ ಗಿಡ್ಡವಾದಷ್ಟೂ ಬಿಗಿ ಹೆಚ್ಚು. 26ರ ನಾಟ್‌ಗೆ 46ರ ಲಾಫ್ಟ್ ಇದ್ದರೆ ಎಳೆ ಎಷ್ಟೇ ಸಪೂರವಿರಲಿ, ಕೆನ್ನೆಗೆ ಒತ್ತಿದಂತೆಯೇ ಅನಿಸುತ್ತದೆ.

ಲಾಫ್ಟ್ ಸಂಖ್ಯೆಯನ್ನು ನಾಟ್ ಸಂಖ್ಯೆಯಿಂದ ಭಾಗಿಸಿ. ಉತ್ತರ 2.1ರ ಆಸುಪಾಸು ಬಂದರೆ ನಿಮಗೆ ಒಗ್ಗುವ ಬ್ರಷ್. 24ಕ್ಕೆ 50 ಅಥವಾ 52 ಸರಿಹೋಗುತ್ತದೆ. ಮುಖ ಚಿಕ್ಕದು, ಮೀಸೆ ಉಳಿಸಿಕೊಳ್ಳುತ್ತೀರಿ ಎಂದಾದರೆ 22ಕ್ಕೆ 47 ನೋಡಿ. ಇದು ಅಂದಾಜಿನ ಲೆಕ್ಕ, ಎಳೆಗಳನ್ನು ಎಷ್ಟು ಒತ್ತಾಗಿ ತುಂಬಿದ್ದಾರೆ ಎಂಬುದರ ಮೇಲೂ ಬಿಗಿ ನಿಂತಿದೆ. ಅಳತೆಯನ್ನು ಬರೆದೇ ಇರದ ಬ್ರಷ್ಷನ್ನು ಆನ್‌ಲೈನ್‌ನಲ್ಲಿ ಕೊಳ್ಳಬೇಡಿ. ಅಂಗಡಿಯಲ್ಲಾದರೆ ಸ್ಕೇಲು ಹಿಡಿದು ನೋಡಬಹುದು.

ಗೊಂಚಲಿನ ಆಕಾರ ಮುಖ್ಯವಾಗಿ ಎರಡು ಬಗೆಯದು: ಮೊಗ್ಗಿನಂತೆ ನಡುವೆ ಉಬ್ಬಿದ್ದು, ಬೀಸಣಿಗೆಯಂತೆ ಅಗಲಕ್ಕೆ ಬಿಚ್ಚಿಕೊಂಡದ್ದು. ಉಬ್ಬಿದ್ದರಲ್ಲಿ ಒತ್ತಡ ನಡುವೆ ಸೇರುತ್ತದೆ. ಬಿಚ್ಚಿಕೊಂಡದ್ದು ನೊರೆಯನ್ನು ಬಣ್ಣ ಬಳಿದಂತೆ ಹರಡುತ್ತದೆ, ನಿಮಗೆ ಅದು ಮೇಲು. ಹಿಡಿ ಒದ್ದೆ ಕೈಯಲ್ಲಿ ಜಾರದಂತಿದ್ದರೆ ಸಾಕು. ಮರದ ಹಿಡಿ ಚೆಂದ, ಆದರೆ ತೇವಕ್ಕೆ ಬಿರುಕು ಬಿಡುತ್ತದೆ.

ಹಂತ 5: ಕೊಳ್ಳುವ ಮುನ್ನ ಮುಟ್ಟಿ ನೋಡಿ

ಅಂಗಡಿಯಲ್ಲಿ ಎಲ್ಲರೂ ಅಂಗೈ ಮೇಲೆ ಬ್ರಷ್ ಆಡಿಸಿ ‘ಮೆತ್ತಗಿದೆ’ ಎನ್ನುತ್ತಾರೆ. ಅಂಗೈ ಚರ್ಮ ದಪ್ಪ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಮಣಿಕಟ್ಟಿನ ಒಳಭಾಗಕ್ಕೆ ಒಣ ಬ್ರಷ್ಷಿನ ತುದಿಯನ್ನು ನೇರವಾಗಿ ಇಟ್ಟು ನಿಧಾನವಾಗಿ ಒತ್ತಿ, ಎಳೆಗಳು ಬಿಚ್ಚಿಕೊಳ್ಳುವವರೆಗೆ. ಬೇರೆ ಬೇರೆ ಚುಕ್ಕಿಗಳಲ್ಲಿ ಚುಚ್ಚಿದ ಅನುಭವವಾದರೆ ಕೆಳಗಿಡಿ. ಒಟ್ಟಾಗಿ ಒಂದು ಮೆತ್ತನೆಯ ಒತ್ತಡವಷ್ಟೇ ಇದ್ದರೆ ಮುಂದುವರಿಯಿರಿ. ಪ್ರಾಣಿ ಕೂದಲಿನ ಬ್ರಷ್ ಒಣಗಿದ್ದಾಗ ಒರಟಾಗಿಯೇ ಇರುತ್ತದೆ, ಆದ್ದರಿಂದ ಈ ಪರೀಕ್ಷೆ ಸಿಂಥೆಟಿಕ್‌ಗೆ ಮಾತ್ರ ನಂಬಬಹುದಾದದ್ದು.

ಆಮೇಲೆ ಬೆಳಕಿಗೆ ಹಿಡಿದು ತುದಿಗಳನ್ನು ನೋಡಿ. ಎಲ್ಲ ಎಳೆಗಳೂ ಕತ್ತರಿಯಲ್ಲಿ ಕತ್ತರಿಸಿದಂತೆ ಮೊಂಡಾಗಿ ನಿಂತಿದ್ದರೆ ಬೇಡ. ಬೆರಳಿನಲ್ಲಿ ಮೆಲ್ಲಗೆ ಬಾಚಿ. ಒಂದೆರಡು ಎಳೆ ಉದುರುವುದು ಸಹಜ. ಹಿಡಿಯಲ್ಲಿ ಗೊಂಚಲು ಅಲುಗಾಡಿದರೆ ಅಂಟು ಸರಿಯಾಗಿ ಕೂತಿಲ್ಲವೆಂದು ಅರ್ಥ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಎಳೆಯ ಬಗೆಯನ್ನು ಸ್ಪಷ್ಟವಾಗಿ ಬರೆದಿರುವ ಮಾರಾಟಗಾರರನ್ನೇ ಆರಿಸಿ. ‘ಬ್ಯಾಜರ್ ಫಿನಿಶ್’, ‘ಬ್ಯಾಜರ್ ಲುಕ್’ ಎಂದರೆ ಬಣ್ಣ ಹಾಕಿದ ಸಿಂಥೆಟಿಕ್. ಅದರಲ್ಲಿ ತಪ್ಪೇನಿಲ್ಲ, ಬೆಲೆ ಮಾತ್ರ ಸಿಂಥೆಟಿಕ್‌ನದೇ ಇರಬೇಕು. ಹಿಂದಿರುಗಿಸುವ ಅವಕಾಶ ಇದೆಯೇ ಎಂದು ನೋಡಿ. ನೀರು ತಾಗಿದ ಬ್ರಷ್ಷನ್ನು ಯಾರೂ ವಾಪಸ್ ಪಡೆಯುವುದಿಲ್ಲವಾದ್ದರಿಂದ ಮಣಿಕಟ್ಟಿನ ಪರೀಕ್ಷೆ ಮೊದಲು ಮಾಡಿ, ಆಮೇಲೆ ನೆನೆಸಿ.

ಹಂತ 6: ಮೊದಲ ತೊಳೆತ

ಹೊಸ ಬ್ರಷ್ಷನ್ನು ನೇರವಾಗಿ ಮುಖಕ್ಕೆ ತರಬೇಡಿ. ಒಂದು ಹನಿ ಸೌಮ್ಯ ಶಾಂಪೂ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಂದು ದಿನ ಒಣಗಲು ಬಿಡಿ. ತಯಾರಿಕೆಯ ಧೂಳು, ಹೆಚ್ಚಿನ ಬಣ್ಣ, ಸಡಿಲ ಎಳೆಗಳು ಹೋಗುತ್ತವೆ. ಬಣ್ಣ ಎರಡು ಮೂರು ತೊಳೆತದ ಮೇಲೂ ಬಿಡುತ್ತಿದ್ದರೆ ಆ ಬ್ರಷ್ ನಿಮಗಲ್ಲ. ಕುದಿಯುವ ನೀರು ಎಂದಿಗೂ ಬೇಡ, ಅಂಟು ಸಡಿಲವಾಗಿ ಎಳೆ ಸೊಟ್ಟಗಾಗುತ್ತದೆ.

ಹಂತ 7: ನೊರೆ ಬಟ್ಟಲಿನಲ್ಲಿ, ಮುಖದ ಮೇಲೆ ಸವರುವುದಷ್ಟೇ

ಒಳ್ಳೆಯ ಬ್ರಷ್ ಕೊಂಡೂ ಉರಿ ಹೋಗದವರು ಈ ಹಂತವನ್ನು ಗಮನವಿಟ್ಟು ಓದಬೇಕು. ಕ್ರೀಮನ್ನು ಕೆನ್ನೆಗೆ ಹಚ್ಚಿ ಅಲ್ಲೇ ಸುತ್ತಿ ಸುತ್ತಿ ನೊರೆ ಬರಿಸುವುದು ನಮ್ಮಲ್ಲಿ ರೂಢಿ. ನಿಮಿಷಗಟ್ಟಲೆ ನಡೆಯುವ ಆ ಉಜ್ಜಾಟವನ್ನು ಬಟ್ಟಲಿಗೆ ವರ್ಗಾಯಿಸಿದರೆ ಚರ್ಮಕ್ಕೆ ಬೀಳುವ ತಿಕ್ಕಾಟ ಬಹುಪಾಲು ತಪ್ಪುತ್ತದೆ.

ಸ್ನಾನವಾದ ಮೇಲೆ, ಗಡ್ಡ ನೆನೆದಿರುವಾಗ ಕ್ಷೌರಕ್ಕೆ ಕೂತುಕೊಳ್ಳಿ. ಬ್ರಷ್ಷನ್ನು ಒದ್ದೆ ಮಾಡಿ ಎರಡು ಸಲ ಜಾಡಿಸಿ. ಅಗಲ ಬಾಯಿಯ ಬಟ್ಟಲಿಗೆ ಬಾದಾಮಿ ಗಾತ್ರದಷ್ಟು ಕ್ರೀಮ್ ಹಾಕಿ, ಒಂದೆರಡು ನಿಮಿಷ ಸುತ್ತಿಸಿ. ನೊರೆ ಗಟ್ಟಿಯಾಗಿ ಕಂಡಾಗ ಕೆಲವು ಹನಿ ನೀರು ಸೇರಿಸಿ, ಮತ್ತೆ ಸುತ್ತಿಸಿ. ಹೊಳಪು ಬರಬೇಕು, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಬೇಕು. ದೊಡ್ಡ ಗುಳ್ಳೆಗಳಿದ್ದರೆ ನೀರು ಹೆಚ್ಚಾಗಿದೆ; ಮುಖಕ್ಕೆ ಹಚ್ಚಿದ ಸ್ವಲ್ಪ ಹೊತ್ತಿಗೇ ಒಣಗಿದರೆ ಕಡಿಮೆಯಾಗಿದೆ.

ಮುಖಕ್ಕೆ ಹಚ್ಚುವಾಗ ಎಳೆಯ ತುದಿ ಮಾತ್ರ ತಾಗಲಿ. ಗೋಡೆಗೆ ಸುಣ್ಣ ಬಳಿಯುವವರ ಕೈಯಂತೆ ಒಂದು ಸಲ ಅತ್ತ, ಒಂದು ಸಲ ಇತ್ತ. ಗೊಂಚಲು ಅರ್ಧಕ್ಕಿಂತ ಹೆಚ್ಚು ಬಾಗುತ್ತಿದ್ದರೆ ನೀವು ಒತ್ತುತ್ತಿದ್ದೀರಿ. ಕುತ್ತಿಗೆಯಲ್ಲಿ ಇನ್ನೂ ಹಗುರವಾಗಿ.

ನೀರಿನ ಮಾತು ಇಲ್ಲಿ ಬಹಳ ಮುಖ್ಯ. ಬೆಂಗಳೂರಿನ ಹಲವು ಬಡಾವಣೆಗಳು, ಕೋಲಾರ, ತುಮಕೂರಿನ ಕಡೆ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಜಿಗುಟಾದ ಬಿಳಿ ಗಸಿಯಾಗುತ್ತದೆ, ನೊರೆ ಏಳುವುದೇ ಇಲ್ಲ. ಆ ಗಸಿ ಚರ್ಮಕ್ಕೂ ಅಂಟುತ್ತದೆ, ಎಳೆಗಳ ನಡುವೆಯೂ ಕೂರುತ್ತದೆ. ಮೆತ್ತಗಿದ್ದ ಬ್ರಷ್ ತಿಂಗಳುಗಳಲ್ಲಿ ಬಿರುಸಾಗುವುದು ಇದರಿಂದಲೇ. ಬಕೆಟ್ಟಿನ ಒಳಗೆ ಬಿಳಿ ಕಲೆ, ಗೀಸರಿನೊಳಗೆ ಸುಣ್ಣದ ಪದರ ಕಟ್ಟುತ್ತಿದ್ದರೆ ನಿಮ್ಮ ಮನೆಯ ನೀರು ಗಡಸೆಂದು ತಿಳಿಯಿರಿ. ಒಂದು ಲೋಟ ಫಿಲ್ಟರಿನ ಆರ್‌ಒ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ನೊರೆ ಮಾಡಲು ಬೇರೆ ಇಟ್ಟುಕೊಂಡರೆ ವ್ಯತ್ಯಾಸ ಆ ದಿನವೇ ಗೊತ್ತಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಗಡಸುತನದ ಒಂದು ಭಾಗ ತಳಕ್ಕಿಳಿದಿರುತ್ತದೆ, ಮೇಲಿನ ತಿಳಿಯನ್ನು ಬಳಸಿ.

ಹಂತ 8: ಮೆತ್ತನೆ ಉಳಿಸಿಕೊಳ್ಳುವುದು

ಕ್ಷೌರವಾದ ಮೇಲೆ ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಎಳೆಗಳ ಬುಡದಲ್ಲಿ ಉಳಿದ ಸೋಪು ಗಟ್ಟಿಯಾದರೆ ಗೊಂಚಲು ಬಿಗಿಯಾಗುತ್ತದೆ. ಗೊಂಚಲನ್ನು ತಿರುಚಿ ಹಿಂಡಬೇಡಿ. ಜಾಡಿಸಿ, ಟವೆಲಿನ ಮೇಲೆ ಎರಡು ಸಲ ಸವರಿ, ಗಾಳಿಯಾಡುವ ಕಡೆ ನಿಲ್ಲಿಸಿ. ಬಚ್ಚಲುಮನೆಯ ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ; ವಾಸನೆ ಬಂತೆಂದರೆ ಸೂಕ್ಷ್ಮಜೀವಿಗಳು ಬೆಳೆಯುತ್ತಿವೆ ಎಂದೇ ತಿಳಿಯಬೇಕು. ಗಡಸು ನೀರಿನ ಊರಿನವರು ತಿಂಗಳಿಗೊಮ್ಮೆ ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನಿಗರ್ ಬೆರೆಸಿ, ಅದರಲ್ಲಿ ಎಳೆಗಳನ್ನು ಐದು ನಿಮಿಷ ಅದ್ದಿ, ಶಾಂಪೂ ಹಾಕಿ ತೊಳೆದರೆ ಕೂತ ಗಸಿ ಬಿಡುತ್ತದೆ.

ದಿನವೂ ಉದುರುತ್ತಲೇ ಇದ್ದರೆ, ತುದಿಗಳು ಬಾಗಿ ಮುರಿದಿದ್ದರೆ, ತೊಳೆದ ಮೇಲೂ ವಾಸನೆ ಹೋಗದಿದ್ದರೆ ಬ್ರಷ್ ಬದಲಿಸುವ ಸಮಯ ಬಂದಿದೆ. ಕೆನ್ನೆಯಲ್ಲಿ ಸೋಂಕಾಗಿ ಚಿಕಿತ್ಸೆ ಪಡೆದವರು ಹಳೆಯ ಬ್ರಷ್ಷನ್ನು ಮತ್ತೆ ಬಳಸದೆ ಎಸೆಯುವುದೇ ಒಳ್ಳೆಯದು.

ಸಲೂನಿಗೆ ಹೋಗುವವರಿಗೆ ಒಂದು ಮಾತು. ಒಂದೇ ಬ್ರಷ್ ದಿನವಿಡೀ ಹತ್ತಾರು ಮುಖಗಳ ಮೇಲೆ ಓಡಾಡುತ್ತದೆ, ನಡುವೆ ಒಣಗಲು ಸಮಯವೇ ಇರುವುದಿಲ್ಲ. ಕೂದಲ ಬುಡದ ಸೋಂಕು, ಗಡ್ಡದ ಹುಳುಕಡ್ಡಿ ಇದರಿಂದ ಒಬ್ಬರಿಂದ ಒಬ್ಬರಿಗೆ ದಾಟಬಲ್ಲವು. ಬ್ಲೇಡು ಹೊಸದೇ ಎಂದು ಕೇಳುವ ನಾವು ಬ್ರಷ್ ಬಗ್ಗೆ ಕೇಳುವುದಿಲ್ಲ. ನಿಮ್ಮದೇ ಬ್ರಷ್ಷನ್ನು ಗಾಳಿಗೆ ತೂತಿರುವ ಡಬ್ಬಿಯಲ್ಲಿ ಕೊಂಡೊಯ್ಯಿರಿ, ಇಲ್ಲವೇ ‘ಕೈಯಲ್ಲೇ ಕ್ರೀಮ್ ಹಚ್ಚಿಬಿಡಿ ಅಣ್ಣಾ’ ಎಂದು ಕೇಳಿ. ಯಾರೂ ಬೇಸರಿಸಿಕೊಳ್ಳುವುದಿಲ್ಲ. ಮನೆಗೆ ಬಂದ ಕೂಡಲೇ ಬ್ರಷ್ಷನ್ನು ಡಬ್ಬಿಯಿಂದ ತೆಗೆದು ಒಣಗಲು ಇಡಿ.